ಗುಡಾರದಲ್ಲಿ ಅತ್ತ ಹಾಡು

ಭಾನುವಾರ ಬೆಳಿಗ್ಗೆ ಏಳರ ಸುಮಾರಿಗೆ ಕಲ್ಲಗುಂಡಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಹುಡುಗಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಜನವರಿಯ ಇಬ್ಬನಿಯಲ್ಲಿ ಹೊಲದ ಬದು ತುಳಿದು ಓಡಿಬಂದಿದ್ದಳು. ಕಣಕಾಲಿನವರೆಗೆ ಎರೆಮಣ್ಣು ಮೆತ್ತಿಕೊಂಡಿತ್ತು. ಪಿಎಸ್‌ಐ ರಾಜಮಹ್ಮದ ಬೆಳಗಿನ ನಮಾಜು ಮುಗಿಸಿ ಬಂದು ಆಗಷ್ಟೇ ಕುರ್ಚಿಗೆ ಕೂತಿದ್ದರು.

"ನನ್ನ ಟೆಂಟಿನಾಗ ಕಳವಾಗೇತ್ರಿ ಸರ್."

"ಕೂಡು ತಂಗಿ. ನೀರು ಕುಡಿ ಮೊದಲ. ಹೆಸರು?"

"ಖುಶನುಮಾ. ಬಾಗಲಕೋಟಿಯಾಕಿ. ಹಬ್ಬದ ಹಾಡು ರೆಕಾರ್ಡ ಮಾಡಾಕ ಬಂದೇನ್ರಿ."

ಹಬ್ಬ ಯಾವುದೆಂದು ಕೇಳುವ ಅಗತ್ಯವಿರಲಿಲ್ಲ. ಪಟ್ಟದಕಲ್ಲಿನ ರಸ್ತೆಯಿಂದ ಒಳಗೆ, ಮಲಪ್ರಭೆಯ ದಂಡೆಯ ಬಂಡಿಹೊಳಿ ಎಂಬ ಊರಲ್ಲಿ, ಕಡಲೆ ಕಿತ್ತ ಹೊಲದ ತುಂಬ ಶುಕ್ರವಾರದಿಂದ ಬಣ್ಣಬಣ್ಣದ ಗುಡಾರಗಳು ಎದ್ದಿದ್ದವು. ಹುಬ್ಬಳ್ಳಿ, ಪುಣೆ, ಬೆಂಗಳೂರು ಕಡೆಯಿಂದ ಬಂದ ಮಂದಿ ಹಗಲು ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು, ಹೊತ್ತು ಇಳಿದ ಮೇಲೆ ಚಾಪೆ ಹಾಸಿಕೊಂಡು ಚೌಡಕಿ ಪದ, ರಿವಾಯತ, ಹಂತಿ ಪದ ಕೇಳುತ್ತಿದ್ದರು. ಭಾನುವಾರ ಸಂಜೆಗೆ ಹಬ್ಬ ಮುಗಿಯುವುದಿತ್ತು.

"ಏನು ಹೋಗೇತಿ?"

"ರೆಕಾರ್ಡರ್ ಸರ್. ಇಷ್ಟ ಐತಿ, ಅಂಗೈಯಾಗ ಹಿಡೀತೈತಿ. ನಿನ್ನೆ ಸಂಜಿಗೆ ಒಳಗಿಟ್ಟು ಹೋಗಿದ್ದೆ, ಇವತ್ತ ಮುಂಜಾನೆ ನೋಡಿದ್ರ ಇಲ್ಲ."

"ಕಿಮ್ಮತ್ತು?"

"ಮಷೀನ್ ಇನ್ನೊಂದು ಬರ್ತೈತ್ರಿ. ಅದರಾಗಿನ ಹಾಡು ಬರೂದಿಲ್ಲ. ಹುನಗುಂದ, ಬಾದಾಮಿ ಕಡೆ ಹಳ್ಳಿಹಳ್ಳಿ ತಿರಗಿ ಮುದುಕರ ಬಾಯಿಂದ ಹಿಡದದ್ದು. ಹಾಡಿದ ಒಬ್ಬಾಕಿ ಅಜ್ಜಿ ಮೊನ್ನೆ ತೀರಿಕೊಂಡ್ಲು." ಹುಡುಗಿ ನೀರಿನ ಲೋಟ ಕೆಳಗಿಟ್ಟಳು. "ಲ್ಯಾಪ್‌ಟಾಪಿಗೆ ಇಳಿಸೂದು ಹಬ್ಬ ಮುಗೀಲಿ ಅಂತ ಬಿಟ್ಟಿದ್ದೆ. ನನ್ನದ ತಪ್ಪು."

ರಾಜಮಹ್ಮದ ದೂರು ಬರೆಸಿಕೊಂಡರು. ಎಫ್‌ಐಆರ್ ಹಾಕುವಾಗ ಹೆಡ್ ಕಾನ್‌ಸ್ಟೇಬಲ್ ಹನಮಪ್ಪ ಪೆನ್ನು ಎತ್ತಿ ಹಿಡಿದು ಕೇಳಿದ:

"ಸರ, ಬಟ್ಟಿ ಗುಡಾರಕ್ಕ ಬಾಗಲಿಲ್ಲ, ಕೀಲಿ ಇಲ್ಲ. ಬರೇ ಕಳ್ಳತನ ಅಂತ ಬರೀಲೋ, ಮನಿಗಳ್ಳತನ ಅಂತ ಬರೀಲೋ?"

"ಕಲಂ ಮುನ್ನೂರಾ ಐದು. ಮನಷ್ಯಾ ಮಲಗಿದ್ದ ಗುಡಾರನೂ ಕಾಯ್ದೆದಾಗ ಮನೀನ."

"ಹಂಗಾರ ನಮ್ಮೂರಾಗ ಒಂದ ರಾತ್ರಿಗೆ ಮುನ್ನೂರು ಹೊಸ ಮನಿ ಕಟ್ಯಾರ ಅನ್ರಿ. ಪಂಚಾಯ್ತಿಯವರು ಕರ ಹಾಕೂದ ಬಾಕಿ."

ಹುಡುಗಿ ನಗಲಿಲ್ಲ. ಹನಮಪ್ಪ ಕಾಗದದ ಮೇಲೆ ಬಾಗಿ ಬರೆಯತೊಡಗಿದ.

ಎಂಟೂವರೆಗೆ ಸ್ಥಳ ಪಂಚನಾಮೆ. ಪಂಚರಾಗಿ ಪಕ್ಕದ ಗುಡಾರದ ಪುಣೆಯವನೊಬ್ಬ, ಬಂಡಿಹೊಳಿಯ ತಳವಾರನೊಬ್ಬ. ಖುಶನುಮಾಳ ಗುಡಾರ ನೀಲಿ ಬಣ್ಣದ್ದು, ಇಬ್ಬನಿಗೆ ಜೋತುಬಿದ್ದಿತ್ತು. ಒಳಗೆ ಲ್ಯಾಪ್‌ಟಾಪು ಇದ್ದಲ್ಲೇ ಇತ್ತು. ಕೈಚೀಲದಲ್ಲಿ ರೊಕ್ಕ ಇತ್ತು. ಮೊಬೈಲ್ ಚಾರ್ಜರ್, ಹೊಸ ಬೂಟು, ಎಲ್ಲ ಇದ್ದವು. ಹೋದದ್ದು ರೆಕಾರ್ಡರ್ ಒಂದೇ.

ರಾಜಮಹ್ಮದ ಬಾಗಿಲ ಜಿಪ್ಪಿನ ಮುಂದೆ ಮೊಣಕಾಲೂರಿ ಕೂತರು. ಕಡುನೀಲಿ ಬಟ್ಟೆಯ ಮೇಲೆ ಬೆರಳು ಎಳೆದಂಥ ಬೆಳ್ಳನೆಯ ಗುರುತು. ಇಬ್ಬನಿಗೆ ನೆನೆದು ಕೆನೆಯಂತೆ ಒಣಗಲು ಹತ್ತಿತ್ತು. ಹನಮಪ್ಪ ಉಗುರಿನಿಂದ ಕೆರೆದು ಮೂಸಿದ.

"ಜ್ವಾಳದ ಹಿಟ್ಟು ಸರ."

ಗುಡಾರಗಳ ಸಾಲಿನಾಚೆ, ಬೇವಿನ ಮರದ ಕೆಳಗೆ, ಊರ ಹೆಣ್ಣುಮಕ್ಕಳು ಹಬ್ಬದ ಮಂದಿಗೆ ರೊಟ್ಟಿ ಬಡಿಯುತ್ತಿದ್ದರು. ಸದ್ದು ಇಲ್ಲಿಗೂ ಕೇಳುತ್ತಿತ್ತು.

ಪಂಚರು ಸಹಿ ಮಾಡಿ ಹೋದ ಮೇಲೆ ಹಬ್ಬದ ಆಯೋಜಕರು ಬಂದು ನಿಂತರು. ಗಡ್ಡದವರು, ಕೊರಳಿಗೆ ಕಂಬಳಿಯಂಥ ಶಾಲು. "ನೋಡಿ ಇನ್‌ಸ್ಪೆಕ್ಟರ್, ನಾವು ಊರಿನವರನ್ನ ನಂಬಿ ಕೆಲಸ ಕೊಟ್ವಿ. ಸಂಜೆ ಮಂತ್ರಿಗಳು ಬರ್ತಾರೆ. ಆ ಯಂತ್ರದೊಳಗಿನ ಒಂದು ಹಾಡನ್ನ ದೊಡ್ಡ ಸ್ಪೀಕರ್‌ನಲ್ಲಿ ಹಾಕಿಯೇ ಸಮಾರೋಪ ಮಾಡಬೇಕು ಅಂತಿತ್ತು. ಎಂಥ ಹಾಡು ಅಂತೀರಿ!"

"ಯಾವ ಹಾಡ್ರಿ?"

ಉತ್ತರ ಕೊಟ್ಟವಳು ಖುಶನುಮಾ. "ಸತ್ತವರ ಮುಂದ ಹಾಡ್ಯಾಡಿ ಅಳ್ತಾರಲ್ರಿ, ಅದು. ಇದ ಊರಿನ ಗುರುಸಿದ್ದವ್ವ ಅನ್ನೋ ಅಜ್ಜಿ ಶುಕ್ರವಾರ ಮಧ್ಯಾಹ್ನ ಈ ಟೆಂಟಿನಾಗ ಕುಂತು ಹಾಡಿದ್ಲು. ಮೊದಲ ಒಲ್ಲೆ ಅಂದ್ಲು. ಹೆಣ ಇಲ್ದ ಅದನ್ನ ಹಾಡಬಾರದು ಅಂದ್ಲು. ಸುಮ್ನ ಯಾರದರ ಹೆಸರು ಇಟಗೊಂಡು ಹಾಡಬೇ ಅಂತ ಕೈಕಾಲು ಹಿಡದೆ."

"ಯಾರ ಹೆಸರು ಇಟಗೊಂಡ್ಲು?"

"ಶಂಕರಲಿಂಗ ಅಂತ. 'ಲಾರಿ ಹೋದ ದಾರ್‍ಯಾಗ ಹುಡಿಮಣ್ಣು ಆದೇನೋ ನನ ಶಂಕರಲಿಂಗಾ' ಅಂತ ಎತ್ತಿದ್ಲು ನೋಡ್ರಿ, ನನಗ ಮೈಯೆಲ್ಲಾ ಝುಂ ಅಂತು."

ಹನಮಪ್ಪ ಮುಖ ತಿರುಗಿಸಿದ. ಗುಡಾರಗಳ ಸಾಲು ದಾಟಿ ಜೀಪಿನ ಹತ್ತಿರ ಬಂದ ಮೇಲೆ ಬಾಯಿ ಬಿಟ್ಟ. "ಶಂಕರಲಿಂಗ ಆ ಮುದಕಿ ಮಗಾ ಸರ. ಒಬ್ಬನ ಮಗಾ. ಇಳಕಲ್ಲಿನ ಗ್ರಾನೈಟ್ ಲಾರಿ ಮ್ಯಾಲೆ ಹೋಕ್ಕಿದ್ದ. ಮೂರು ವರ್ಷದ ಹಿಂದ ಕೊಲ್ಲಾಪುರದಾಚೆ ಎಲ್ಲೋ ಚಾ ಕುಡ್ಯಾಕ ಇಳದಾಂವ ತಿರಗಿ ಹತ್ತಲಿಲ್ಲ. ಹೆಣ ಇಲ್ಲ, ಸುದ್ದಿ ಇಲ್ಲ. ನಮ್ಮ ಠಾಣೆದಾಗ ಕಾಣೆ ಪ್ರಕರಣ ಐತಿ. ನೀವು ಬರೂಕಿಂತ ಮೊದಲಿಂದು."

"ತನಿಖಿ ಏನಾಗೇತಿ?"

"ಪತ್ತೆಯಾಗಿಲ್ಲ ಅಂತ ವರ್ಷಾ ಒಂದ ಸಾಲು ಬರೀತೇವ್ರಿ."

ರಾಜಮಹ್ಮದರು ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಆ ಕಡತದ ಬೆನ್ನು ನೋಡಿದ್ದರು, ಒಳಗೆ ಏನಿದೆಯೆಂದು ತೆರೆದಿರಲಿಲ್ಲ.

ಗುರುಸಿದ್ದವ್ವನ ಮನೆ ಊರ ನಡುವೆ ಇತ್ತು. ಹಣೆತುಂಬ ವಿಭೂತಿ ಧರಿಸಿ, ಅಂಗೈಯ ಲಿಂಗಕ್ಕೆ ಪತ್ರಿ ಏರಿಸುತ್ತಿದ್ದ ಮುದುಕಿ, ಪೂಜೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ರಾಜಮಹ್ಮದ ಬೂಟು ಕಳಚಿ ಹೊರಗೆ ಕಟ್ಟೆಯ ಮೇಲೆ ಕಾದರು. ದೇವರ ಮುಂದೆ ಕೂತವರನ್ನು ಎಬ್ಬಿಸಿ ಪ್ರಶ್ನೆ ಕೇಳುವುದು ಅವರಿಂದ ಈವರೆಗೆ ಆಗಿರಲಿಲ್ಲ.

"ಬರ್ರಿ ಸಾಹೇಬ್ರ. ಮಗನ ಸುದ್ದಿ ತಂದೀರೇನು?"

ರಾಜಮಹ್ಮದ ಬಾಗಿಲಲ್ಲೇ ನಿಂತು ಹೇಳಿದರು. "ಇಲ್ಲಬೇ ಯವ್ವಾ. ನೀನು ಹಾಡಿದ ಮಷೀನು ಕಳದೈತಿ. ಅದಕ್ಕ ಬಂದೇವಿ."

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಳೀತ? ಚಲೋ ಆತು."

"ನೀ ತಗೊಂಡೇನು?"

"ನನಗ ಅದರ ಗರಜಿಲ್ಲ. ಅತ್ತೆ, ಹಗರಾದೆ, ಬಂದೆ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೂರು ವರ್ಷ ಅಳಾಕ ಬಿಟ್ಟಿಲ್ಲ ನನಗ. ಹೆಣಾ ಕಂಡಿಲ್ಲ, ಅಳಬ್ಯಾಡ ಅಂತಾರ ಊರವರು. ತಾಯಿ ಹಾಡ್ಯಾಡಿ ಅತ್ಲಂದ್ರ ಮಗಾ ಸತ್ತಂಗ. ಅವತ್ತ ಬಂದು ಸೊಸಿ ಕುಂಕುಮ ಅಳಸ್ತಾರ, ಬಳಿ ಒಡೀತಾರ. ಆಕಿ ಇನ್ನೂ ಬಾಗಲ ಸಪ್ಪಳಾದ್ರ ಎದ್ದು ನೋಡ್ತಾಳ್ರಿ. ಆಕಿ ಮುಂದ ಹೆಂಗ ಅಳ್ಲಿ? ಗಂಟಲಾಗ ಮುಳ್ಳ ಸಿಕ್ಕಂಗ ಆಗಿತ್ತು. ಆ ಹುಡುಗಿ ಬಂದು ಹಾಡಬೇ, ಹಾಡಬೇ ಅಂದ್ಲು. ಗುಡಾರದಾಗ ಪರಊರ ಮಂದಿ ಮುಂದ ಅತ್ರ ಊರಿಗೆ ಏನು ಗೊತ್ತಾಗಬೇಕು ಅನಕೊಂಡೆ. ಸೋಮವಾರ ಗುಡಾರ ಕೀಳ್ತಾರ, ಅಳುನೂ ಅದರ ಜೋಡಿ ಹೋಕ್ಕೈತಿ ಅಂದೆ."

"ಇವತ್ತ ಸಂಜಿಗೆ ಅದನ್ನ ಊರಿಗೆಲ್ಲಾ ಕೇಳೂವಂಗ ಹಚ್ಚೋರಿದ್ರು. ಗೊತ್ತಿತ್ತೇನು?"

ಮುದುಕಿಯ ಕೈಯಲ್ಲಿದ್ದ ಪತ್ರಿ ಕೆಳಗೆ ಬಿತ್ತು. "ಶಿವನ. ಇಲ್ಲಪ್ಪಾ!"

"ಸೊಸಿ ಎಲ್ಲದಾಳ?"

"ಸುನಂದಾ? ಹಬ್ಬದಾಗ ರೊಟ್ಟಿ ಬಡ್ಯಾಕ ಹೋ..." ಗುರುಸಿದ್ದವ್ವ ಅಲ್ಲಿಗೇ ನಿಲ್ಲಿಸಿದಳು. ಹನಮಪ್ಪ ನೆಲ ನೋಡುತ್ತಿದ್ದ. ಮುದುಕಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸಿ, ಆಮೇಲೆ ಏನು ಕೇಳಿದರೂ ತುಟಿ ಎರಡು ಮಾಡಲಿಲ್ಲ.

ಬೇವಿನ ಮರದ ಕೆಳಗೆ ನಾಲ್ಕು ಒಲೆ. ಒಂದೊಂದು ಒಲೆಗೆ ಇಬ್ಬರು: ಒಬ್ಬಾಕೆ ಬಡಿಯುವವಳು, ಒಬ್ಬಾಕೆ ಹಂಚಿನ ಮೇಲೆ ಸುಡುವವಳು. ಪೊಲೀಸರನ್ನು ಕಂಡರೂ ಬಡಿಯುವ ಕೈ ನಿಲ್ಲಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಮರೆವ್ವ ತಾನೇ ಮೊದಲು ಮಾತು ತೆಗೆದಳು.

"ಏನ್ರಿ ಫೌಜದಾರ್ರ, ರೊಟ್ಟಿ ವಾಸನಿ ಠಾಣೆತನಾ ಬಂತೇನು?"

"ಬಂತಬೇ ಯಕ್ಕಾ. ಪ್ಲಾಸ್ಟಿಕ್ ಸುಟ್ಟ ವಾಸನಿ ಇತ್ತಂತಲ್ಲ ನಿನ್ನೆ ರೊಟ್ಟಿಗೆ. ಗುಡಾರದ ಮಂದಿ ಅಂದ್ರು."

ಅದನ್ನು ಪಂಚನಾಮೆಯ ಹೊತ್ತಿಗೆ ಪುಣೆಯವನು ನಗುತ್ತ ಹೇಳಿದ್ದ. ಬೆಳಿಗ್ಗೆ ಅದಕ್ಕೆ ಅರ್ಥ ಇರಲಿಲ್ಲ.

ಮರೆವ್ವ ತಲೆ ಬಗ್ಗಿಸಿ ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡಳು. ಹನಮಪ್ಪ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. "ರೊಟ್ಟಿ ಬಡಿಯೋರು ನಡಬರಕ ಏಳೂದಿಲ್ಲ. ಎದ್ರ ಹಂಚು ಕಾದು ಕೆಂಪಾಕ್ಕೈತಿ, ಸುಡಾಕಿ ಬಾಯಿಗೆ ಬಂದಂಗ ಬೈತಾಳ. ನಮ್ಮವ್ವ ನಮ್ಮ ಅತ್ತಿಗೆ ಬೈಯೂದು ಕೇಳೇ ದೊಡ್ಡಾಂವ ಆದವ ನಾ. ನಿನ್ನೆ ಸಂಜಿಮುಂದ ಯಾರು ಬೈಸಿಕೊಂಡ್ರು, ಹೇಳ ಮತ್ತ."

"ಮರತೇನಿ."

"ನಿನಗ ನಿನ್ನ ಮದಿವ್ಯಾಗ ಯಾರು ಎಷ್ಟು ಹೋಳಗಿ ತಿಂದ್ರು ಅನ್ನೂದು ನೆನಪೈತಿ, ನಿನ್ನೆದು ಮರತೀ?"

ಯಾರೋ ಒಬ್ಬಾಕೆ ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಯ ಒಲೆಯ ಮುಂದಿನವಳು ಮಾತ್ರ ನಗಲಿಲ್ಲ. ಇಪ್ಪತ್ತೈದರ ಸುಮಾರಿನ ಹೆಣ್ಣು, ಹಣೆಯಲ್ಲಿ ಅಗಲವಾದ ಕುಂಕುಮ, ಮೊಣಕೈಯ ಹತ್ತಿರದವರೆಗೆ ಹಸಿರು ಬಳೆ. ಪರಾತದಲ್ಲಿದ್ದ ಹಿಟ್ಟನ್ನು ಬಿಡದೆ ನಾದುತ್ತಿದ್ದಳು.

"ನಾನ ಎದ್ದಿದ್ದೆ," ಅಂದಳು. "ಅವರನ್ಯಾಕ ಕಾಡ್ತೀರಿ?"

ಮಹಿಳಾ ಪೇದೆ ಪದ್ಮಶ್ರೀಯನ್ನು ಕರೆಸಿದರು. ಅದೇ ಒಲೆಯ ಬೂದಿ ತೆಗೆದಾಗ ಕುಳ್ಳಿನ ಬೂದಿಯಡಿ ಕರಗಿ ಕಪ್ಪು ಮುದ್ದೆಯಾದ ಪ್ಲಾಸ್ಟಿಕ್ಕು, ಅದರಲ್ಲಿ ಕಚ್ಚಿಕೊಂಡ ಎರಡು ಸಣ್ಣ ಮೊಳೆ, ತಗಡಿನ ಒಂದು ಜಾಳಿ ಸಿಕ್ಕವು. ಜಪ್ತಿ ಪಂಚನಾಮೆ ಮಾಡಿ, ಅರಿವೆಯ ಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿದರು. ಖುಶನುಮಾ ಆ ಮುದ್ದೆ ನೋಡಿ ಹೊಲದಲ್ಲೇ ಕುಸಿದು ಕೂತಳು. ತೀರಿಕೊಂಡ ಅಜ್ಜಿಯ ಹೆಸರು ಹೇಳಿ ಹೇಳಿ ಅತ್ತಳು. ಅವಳ ಅಳುವಿನಲ್ಲಿ ಹಾಡಿರಲಿಲ್ಲ.

ಸುನಂದಾಳನ್ನು ಜೀಪಿನಲ್ಲಿ ಕೂರಿಸಿ, ಪಕ್ಕದಲ್ಲಿ ಪದ್ಮಶ್ರೀ ಕೂತಳು. ರಾಜಮಹ್ಮದ ಉಳಿದವರನ್ನು ದೂರ ಕಳಿಸಿದರು.

"ಆ ಹುಡುಗಿ ನಿನಗ ಹಾಡು ಕೇಳಿಸಿದ್ಲೇನು?"

"ಹೂಂರಿ. ಒಲಿ ಮುಂದ ಬಂದ್ಲು. ಕಿವಿಗೆ ಹಾಕ್ಕೊಳ್ಳೂದು ಇರ್ತೈತಲ್ಲ, ಅದನ್ನ ನನ್ನ ಕಿವಿಗೆ ಇಟ್ಲು. ನಿಮ್ಮೂರ ಅಜ್ಜಿ ದನಿ ಕೇಳಕ್ಕಾ, ನಾಳೆ ಇದನ್ನ ಎಲ್ಲಾರಿಗೂ ಕೇಳಸ್ತೇವಿ ಅಂದ್ಲು. ನಾ ಯಾರಂತ ಆಕಿಗೆ ಗೊತ್ತಿಲ್ಲ." ಸುನಂದಾ ಕೈಗೆ ಒಣಗಿ ಹತ್ತಿದ್ದ ಹಿಟ್ಟನ್ನು ಉದುರಿಸುತ್ತ ಕೂತಳು. "ಅತ್ತಿ ದನಿ. ನನ್ನ ಗಂಡನ ಹೆಸರು. ಹುಡಿಮಣ್ಣಾದೇನೋ ಅಂತ."

"ಆಮ್ಯಾಲೆ?"

"ಆಕಿ ಗುಡಾರಕ್ಕ ಹೋಗಿ ಅದನ್ನ ಒಳಗಿಟ್ಟು ಹಾಡಿನ ಕಡೆ ಹೋದ್ಲು. ನಾ ಹಿಂದ ಹೋದೆ. ಆ ಒಂದ ಪದ ಅಳಸಬೇಕಂತ ಎಲ್ಲಾ ಗುಂಡಿ ಒತ್ತಿದೆ ಸಾಹೇಬ್ರ. ನನಗ ಬರಲಿಲ್ಲ. ಬಂದಿದ್ರ ಅದೊಂದನ್ನ ಅಳಿಸಿ ಅಲ್ಲೇ ಇಟ್ಟು ಬರ್ತಿದ್ದೆ. ಉಳಿದ ಮುದುಕ್ಯಾರು ನನಗೇನು ಮಾಡಿದ್ರು?"

ದೂರದಲ್ಲಿ ವೇದಿಕೆಯ ಮೇಲೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು.

ರಾಜಮಹ್ಮದ ನಿಧಾನಕ್ಕೆ ಹೇಳಿದರು, ಒಂದೊಂದೇ ಮಾತು. "ಸುನಂದಾ, ಕೇಳು. ಈ ಕಾರಣ ನಾ ಹೇಳಿಕ್ಯಾಗ ಬರದ್ರ ನಿನ್ನನ್ನ ದಸ್ತಗಿರಿ ಮಾಡೂ ಅಗತ್ಯ ಇಲ್ಲ. ನೋಟಿಸ ಕೊಟ್ಟು ಮನಿಗೆ ಕಳಸ್ತೇನಿ. ಕೋರ್ಟಿನಾಗೂ ಕರುಣಾ ತೋರಸ್ತಾರ. ಆ ಹುಡುಗಿಗೆ ತಿಳದ್ರ ಆಕಿನೂ ರಾಜಿಗೆ ಬರಬಹುದು."

"ಬರದ್ರ ಯಾರ್‍ಯಾರು ಓದ್ತಾರ?"

ಅವರು ಸುಳ್ಳು ಹೇಳಲಿಲ್ಲ. "ಕೋರ್ಟು. ವಕೀಲರು. ಪೇಪರಿನವರೂ ಕೇಳ್ತಾರ."

"ಅಂದ್ರ ಊರು." ಸುನಂದಾ ಮೊದಲ ಸಲ ಅವರ ಮುಖ ನೋಡಿದಳು. "ತಾಯಿನ ಹಾಡ್ಯಾಡಿ ಅತ್ತಾಳ ಅಂತ ಊರಿಗೆ ತಿಳೀತು ಅಂದ್ರ, ಅಂವ ಬದುಕಿದ್ರೂ ಸತ್ತಂಗ. ಅವ ಒಂದ ವ್ಯಾಳೆ ತಿರಗಿ ಬಂದ್ರ ನಾ ಬರಿಗೈಲೆ ನಿಂತಿರಬೇಕ್ರಿ? ಆಸೆಕ್ಕ ಕದ್ಲು ಅಂತ ಬರಕೋರಿ."

"ಆಸೆಕ್ಕ ಅಂದ್ರ ಜೇಲು. ಸುಟ್ಟದ್ದಕ್ಕೂ ಉತ್ತರ ಇರೂದಿಲ್ಲ."

"ಸಿಕ್ಕಬಿದ್ದೇನು ಅಂತ ಅಂಜಿ ಸುಟ್ಲು ಅನ್ರಿ. ಹೊಂದ್ತೈತಿ." ತಾನೇ ಯೋಚಿಸಿ ಇಟ್ಟುಕೊಂಡ ಹಾಗೆ ಹೇಳಿದಳು.

"ಕಳ್ಳಿ ಅಂತಾರವ್ವಾ ಊರಾಗ," ಪದ್ಮಶ್ರೀ ತಡೆಯಲಾರದೆ ಅಂದಳು.

"ಅನ್ನಲಿ ಬಿಡ್ರಿ. ಕಳ್ಳಿ ಆದ್ರೂ ಮುತ್ತೈದಿ ಇರ್ತೇನಿ." ಆಮೇಲೆ ರಾಜಮಹ್ಮದರ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಒಂದು ಮಷೀನಕ್ಕ ಮುಂಜಾನೆ ಜೀಪು, ನಾಲ್ಕು ಮಂದಿ, ಅರಗಿನ ಮುದ್ರಿ. ನನ್ನ ಗಂಡ ಕಳದಾಗ ನಾನೂ ನಿಮ್ಮ ಠಾಣೆ ಮೆಟ್ಟಲಾ ಹತ್ತಿದ್ದೆ ಸಾಹೇಬ್ರ. ಫೋಟೋ ಇಟ್ಟು ಹೋಗು ಅಂದ್ರು. ನನ್ನ ಕಡೆ ಇದ್ದದ್ದು ಅದೊಂದ ಫೋಟೋ."

ರಾಜಮಹ್ಮದ ಜೀಪಿನ ಬಾಗಿಲು ಹಿಡಿದು ನಿಂತರು. ಮನುಷ್ಯನ ಮನಸ್ಸಿನಲ್ಲಿ ಇರುವುದು ಒಬ್ಬ ಅಲ್ಲಾಹನಿಗೆ ಮಾತ್ರ ಗೊತ್ತು ಎಂದು ಅಮೀನಗಡದ ಮನೆಯಲ್ಲಿ ಅವರ ತಾಯಿ ಅನ್ನುತ್ತಿದ್ದಳು. ತಮಗೂ ಇವತ್ತು ಗೊತ್ತಾಗಿತ್ತು, ಗೊತ್ತಾದದ್ದನ್ನು ಕೈಯಾರೆ ಹೂಳಬೇಕಿತ್ತು. ಮೇಲಿನವರ ಫೋನು ಆಗಲೇ ಎರಡು ಸಲ ಬಂದಿತ್ತು: ಮಂತ್ರಿಗಳು ಬರುವ ಹೊತ್ತಿಗೆ ದಸ್ತಗಿರಿ ಆಗಿರಬೇಕು. ಖರೆ ಕಾರಣ ಕೈಯಲ್ಲಿದ್ದರೆ ಆ ಫೋನಿಗೆ ಉತ್ತರ ಕೊಡಬಹುದಿತ್ತು.

ಸಂಜೆ ನಾಲ್ಕರ ಸುಮಾರಿಗೆ, ಹೊತ್ತು ಮುಳುಗುವ ಮುಂಚೆ, ಪದ್ಮಶ್ರೀಯ ಸಮಕ್ಷಮ ಸುನಂದಾಳ ದಸ್ತಗಿರಿಯಾಯಿತು. ಠಾಣೆಯಲ್ಲಿ ಹನಮಪ್ಪ ಸ್ವಇಚ್ಛಾ ಹೇಳಿಕೆ ಬರೆದುಕೊಂಡ. ಬೆಲೆಬಾಳುವ ವಸ್ತುವೆಂದು ತಿಳಿದು ದುರಾಸೆಯಿಂದ ಕದ್ದು, ಸಿಕ್ಕಿಬೀಳುವ ಭಯದಿಂದ ಒಲೆಯಲ್ಲಿ ಸುಟ್ಟಿರುತ್ತೇನೆ. ಓದಿ ಹೇಳಿದ. ಅವಳು ಒಂದೊಂದು ಶಬ್ದಕ್ಕೂ ತಲೆಯಾಡಿಸಿ, ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಸಹಿ ಮಾಡಿದಳು.

"ಇನ್ನೊಂದು ಕೇಳಬೇಕು," ಹನಮಪ್ಪ ದಸ್ತಗಿರಿ ಪತ್ರದ ಕೊನೆಯ ಸಾಲಿಗೆ ಬೆರಳಿಟ್ಟ. "ನಿನ್ನನ್ನ ಹಿಡದ ವಿಷಯ ನಿನ್ನ ಕಡೆಯವರಿಗೆ ತಿಳಸಬೇಕು, ಕಾಯ್ದೆ ಐತಿ. ಯಾರಿಗೆ ತಿಳಸೂನು? ಅತ್ತಿಗೆ?"

"ನನ್ನ ಗಂಡಗ ತಿಳಸ್ರಿ."

ಹನಮಪ್ಪನ ಪೆನ್ನು ನಿಂತಿತು. ಸಾಹೇಬರ ಕಡೆ ನೋಡಿದ. ಪದ್ಮಶ್ರೀ ಕಿಟಕಿಯ ಕಡೆ ಮುಖ ಮಾಡಿದಳು.

"ಬರಿ," ಅಂದರು ರಾಜಮಹ್ಮದ. "ಶಂಕರಲಿಂಗ, ಗಂಡ. ವಿಳಾಸ ಬಂಡಿಹೊಳಿ."

ತಿಳಿವಳಿಕೆ ಪತ್ರ ಒಯ್ಯಲು ಬೇರೆ ಯಾರನ್ನೂ ಕಳಿಸದೆ ತಾವೇ ಹೊರಟರು. ಊರಿಗೆ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. ಗುರುಸಿದ್ದವ್ವನ ಅಂಗಳದ ತುಂಬ ಮಂದಿ. ಕಳ್ಳಿ ಸೊಸಿ ಅನ್ನುವ ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಓಡಾಡುತ್ತಿತ್ತು. ಮರೆವ್ವ ಒಬ್ಬಳೇ ಮುದುಕಿಯ ಪಕ್ಕ ಕೂತು ಬೆನ್ನು ಸವರುತ್ತಿದ್ದಳು. ಹೊಲದ ಕಡೆಯಿಂದ ಡೊಳ್ಳಿನ ಸದ್ದು, ಚಪ್ಪಾಳೆ. ಸಮಾರೋಪ ಶುರುವಾಗಿತ್ತು, ಕಳೆದುಹೋದ ಹಾಡಿನ ಬದಲು ಇನ್ನೊಂದು ಸಿಕ್ಕಿರಬೇಕು.

ರಾಜಮಹ್ಮದ ಬೂಟು ಕಳಚಿ ಒಳಗೆ ಬಂದರು. ಪತ್ರ ಓದಿದರು, ಕಾರಣದ ಸಾಲನ್ನೂ ಬಿಡದೆ, ಅಂಗಳಕ್ಕೆ ಕೇಳುವ ಹಾಗೆ. ಗುರುಸಿದ್ದವ್ವ ಪೂರ್ತಿ ಕೇಳಿದಳು. ದುರಾಸೆಯಿಂದ ಅನ್ನುವ ಶಬ್ದಕ್ಕೆ ಅವಳ ಕಣ್ಣು ಅವರ ಕಣ್ಣಿಗೆ ಒಮ್ಮೆ ತಾಗಿ ಕೆಳಗಿಳಿಯಿತು.

"ಇದು ಯಾರ ಹೆಸರಿಗೆ ಐತಿ ಸಾಹೇಬ್ರ?"

"ನಿನ್ನ ಮಗನ ಹೆಸರಿಗೆ."

ಅಂಗಳದಲ್ಲಿ ಗುಜುಗುಜು ನಿಂತಿತು. ಮುದುಕಿ ತುಟಿ ಬಿಗಿಹಿಡಿದು ಕೂತಳು. ಆಮೇಲೆ ಎಡಗೈ ಹೆಬ್ಬೆರಳು ಮುಂದೆ ಚಾಚಿದಳು. ಪತ್ರದ ಹಿಂಬದಿ, ಮಗನ ಪರವಾಗಿ ಎಂದು ಬರೆದ ಕಡೆ, ಮಸಿಯ ಬೆರಳು ಒತ್ತಿ ಹಿಡಿದಳು.

"ಊರಾಗಿಲ್ಲ ಅಂವ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಬಂದ ಮ್ಯಾಲೆ ಹೇಳ್ತೇನಿ, ನಿನ್ನ ಹೇಣ್ತಿನ್ನ ಪೊಲೀಸರು ಒಯ್ದಾರಪಾ ಅಂತ. ಬಿಡಿಸಿಕೊಂಡು ಬರ್ತಾನ."